ಸ್ಟಾಕ್ ಮರದ್ದೋ ಪ್ಲಾಸ್ಟಿಕ್ಕೋ ಅನ್ನುವುದು ಮೊದಲ ಪ್ರಶ್ನೆ ಅಲ್ಲ

ಸಂಪಾದಕರಿಗೆ ನಮಸ್ಕಾರ.

ಜಿಂಕೆ ಬೇಟೆಗೆ ರೈಫಲ್ ಆರಿಸುವುದು ಹೇಗೆ ಅಂತ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದಿದ್ದ ಬರಹವನ್ನು ಎರಡು ಸಲ ಓದಿದೆ. ಒಳ್ಳೆಯ ಬರಹ. ತೋಟಾಗಳ ಬಗ್ಗೆ, ದುರ್ಬೀನಿನ ಬಗ್ಗೆ ಬರೆದದ್ದರಲ್ಲಿ ನನ್ನ ತಕರಾರು ಏನೂ ಇಲ್ಲ. ಆದರೆ ಸ್ಟಾಕ್, ಅಂದರೆ ಗುಂಡು ಹೊರಡುವ ನಳಿಗೆಯನ್ನೂ ಉಕ್ಕಿನ ಭಾಗಗಳನ್ನೂ ಹಿಡಿದಿರುವ, ಹೆಗಲಿಗೆ ಒತ್ತಿಕೊಳ್ಳುವ ಭಾಗ, ಅದರ ವಿಷಯ ಬಂದಾಗ ಮರದ್ದು ನೋಡೋಕೆ ಚೆಂದ, ಗುರಿ ಬೇಕಾದರೆ ಸಿಂಥೆಟಿಕ್ (ಪ್ಲಾಸ್ಟಿಕ್, ಫೈಬರ್ ಥರದ್ದು) ತಗೊಳ್ಳಿ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಆ ಸಾಲು ನಂಬಿಕೊಂಡು ಯಾರಾದರೂ ರೈಫಲ್ ಕೊಂಡರೆ ಅಂತ ಯೋಚನೆ ಬಂತು, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಕತ್ತರಿಸಬೇಡಿ.

ಮೊದಲೇ ಒಂದು ಮಾತು. ನಾನು ಹೇಳುತ್ತಿರುವುದು ಕಾನೂನು ಜಿಂಕೆ ಬೇಟೆಗೆ ಅವಕಾಶ ಕೊಟ್ಟಿರುವ ಕಡೆ, ಪರವಾನಗಿ ಪಡೆದು, ಅದಕ್ಕೆ ಗೊತ್ತು ಮಾಡಿದ ಕಾಲದಲ್ಲಿ ಹೋಗುವವರ ವಿಷಯ. ಬೇರೆ ಕಡೆ ಇದರ ಮಾತೇ ಬೇಡ.

ನನ್ನ ಮೊದಲ ರೈಫಲ್ಲಿನ ಸ್ಟಾಕ್ ಅಕ್ರೋಟ್ ಮರದ್ದು. ಈಗಲೂ ಅದೇ ಇದೆ. ಒಂದು ವರ್ಷ ಬೇಸಿಗೆಯಲ್ಲಿ ನೂರು ಮೀಟರಿಗೆ ಸರಿಯಾಗಿ ಝೀರೋ ಮಾಡಿಟ್ಟೆ, ಅಂದರೆ ದುರ್ಬೀನಿನಲ್ಲಿ ಗುರಿ ಇಟ್ಟ ಕಡೆಗೇ ಗುಂಡು ಬೀಳುವ ಹಾಗೆ ಹೊಂದಿಸಿದೆ. ಹೊಡೆದ ಗುಂಡುಗಳೆಲ್ಲ ಮೂರು ಸೆಂಟಿಮೀಟರಿನೊಳಗೆ ಬಿದ್ದವು. ಖುಷಿಯಾಗಿ ಒರೆಸಿ, ಎಣ್ಣೆ ಹಾಕಿ, ಕಪಾಟಿನಲ್ಲಿ ಇಟ್ಟೆ. ಮಳೆಗಾಲ ಪೂರ್ತಿ ಅದು ಅಲ್ಲೇ ಇತ್ತು. ಬೇಟೆಯ ಕಾಲ ಬಂದಾಗ ಇನ್ನೊಮ್ಮೆ ಪರೀಕ್ಷೆ ಮಾಡಲಿಲ್ಲ. ಯಾಕೆ ಮಾಡಬೇಕು, ದುರ್ಬೀನನ್ನು ಯಾರೂ ಮುಟ್ಟಿಲ್ಲವಲ್ಲ ಅಂದುಕೊಂಡೆ.

ಸುಮಾರು 150 ಮೀಟರ್ ದೂರದಲ್ಲಿ ಒಂದು ಗಂಡು ಜಿಂಕೆ ಬಲಕ್ಕೆ ಮುಖ ಮಾಡಿ ಅಡ್ಡಲಾಗಿ ನಿಂತಿತ್ತು. ಗಾಳಿ ಇರಲಿಲ್ಲ. ನನ್ನ ಕೈಯೂ ಅಲುಗಲಿಲ್ಲ, ಅದು ಇವತ್ತಿಗೂ ನೆನಪಿದೆ. ಮುಂಗಾಲಿನ ಹಿಂದೆ ಗುರಿ ಇಟ್ಟು ಈಡು ಹೊಡೆದೆ. ಗುಂಡು ಎಡಕ್ಕೆ ಮುಕ್ಕಾಲು ಗೇಣು ಸರಿದು ಹೊಟ್ಟೆಗೆ ಬಿತ್ತು. ಹೊಟ್ಟೆಗೆ ಏಟು ಬಿದ್ದ ಜಿಂಕೆಯನ್ನು ತಕ್ಷಣ ಬೆನ್ನು ಹತ್ತಬಾರದು, ಹತ್ತಿದರೆ ಅದು ಇನ್ನೂ ದೂರ ಓಡುತ್ತದೆ. ಹಾಗಾಗಿ ಗಂಟೆಗಟ್ಟಲೆ ಕಾದೆ, ಆಮೇಲೆ ಕತ್ತಲಾಗುವವರೆಗೂ ನೆತ್ತರಿನ ಜಾಡು ಹುಡುಕಿದೆ. ಸಿಗಲಿಲ್ಲ. ಮಾರನೇ ದಿನ ಬೆಳಿಗ್ಗೆ ಒಂದು ಪೊದೆಯ ಕೆಳಗೆ ಸಿಕ್ಕಿತು. ರಾತ್ರಿ ಮೂರು ಕಡೆ ಮಲಗಿ ಎದ್ದು ಹೋಗಿದ್ದ ಗುರುತು ಹುಲ್ಲಿನ ಮೇಲೆ ಇತ್ತು. ಅಷ್ಟು ಹೊತ್ತು ಅದು ಬದುಕಿತ್ತು.

ವಾಪಸ್ ಬಂದು ಕಾಗದದ ಗುರಿಗೆ ಹೊಡೆದು ನೋಡಿದೆ. ನೂರು ಮೀಟರಿನಲ್ಲಿ ಹತ್ತು ಸೆಂಟಿಮೀಟರ್ ಎಡಕ್ಕೆ ಹೋಗುತ್ತಿತ್ತು. ಗುಂಡುಗಳು ಮಾತ್ರ ಮೊದಲಿನ ಹಾಗೇ ಒತ್ತೊತ್ತಾಗಿ ಬೀಳುತ್ತಿದ್ದವು, ಆದರೆ ಬೇರೆ ಜಾಗದಲ್ಲಿ. ಸ್ಕ್ರೂ ಬಿಚ್ಚಿ ನಳಿಗೆಯನ್ನು ಮೇಲೆತ್ತಿದಾಗ ಕಾರಣ ಕಣ್ಣೆದುರಿಗೇ ಇತ್ತು. ನಳಿಗೆ ಕೂರುವ ಕಾಲುವೆಯ ತುದಿಯಲ್ಲಿ, ಬಲಗಡೆ, ಮರ ಉಜ್ಜಿ ಹೊಳಪು ಬಂದಿತ್ತು. ಮಳೆಗಾಲದ ತೇವ ಕುಡಿದ ಮರ ಉಬ್ಬಿ, ಸ್ವಲ್ಪ ತಿರುಚಿಕೊಂಡು, ನಳಿಗೆಯನ್ನು ಎಡಕ್ಕೆ ಒತ್ತುತ್ತಿತ್ತು. ಅಷ್ಟೇ.

ಇಷ್ಟು ಕೇಳಿದ ಮೇಲೆ ನೀವು, ಹಾಗಾದರೆ ಆ ಬರಹ ಹೇಳಿದ್ದು ಸರಿಯೇ ಅಲ್ವಾ, ಮರ ಬೇಡ ಅಂತ, ಅನ್ನಬಹುದು. ನಾನೂ ಆಗ ಹಾಗೇ ಅಂದುಕೊಂಡೆ. ಆಮೇಲೆ ಇಪ್ಪತ್ತೆರಡು ವರ್ಷ ಸ್ಟಾಕ್‌ಗಳನ್ನು ಬಿಚ್ಚಿ, ಕೂರಿಸಿ, ಹೊಡೆದು ನೋಡಿದ ಮೇಲೆ ತಿಳಿದಿದ್ದು ಬೇರೆ. ಸ್ಟಾಕ್ ಯಾವುದರಿಂದ ಮಾಡಿದ್ದು ಅನ್ನುವುದಕ್ಕಿಂತ, ಅದು ಉಕ್ಕನ್ನು ಹೇಗೆ ಹಿಡಿದುಕೊಂಡಿದೆ ಮತ್ತು ನಿಮ್ಮ ಮೈಗೆ ಹೇಗೆ ಕೂರುತ್ತದೆ ಅನ್ನುವುದು ಮುಖ್ಯ. ಈ ಎರಡು ಸರಿಯಿದ್ದರೆ ಮರವೂ ಹೊಡೆಯುತ್ತದೆ, ಪ್ಲಾಸ್ಟಿಕ್ಕೂ ಹೊಡೆಯುತ್ತದೆ. ಎರಡೂ ತಪ್ಪಿದ್ದರೆ ಎಷ್ಟು ದುಬಾರಿ ಸ್ಟಾಕ್ ತಂದರೂ ಪ್ರಯೋಜನ ಇಲ್ಲ.

ಉಕ್ಕಿನ ವಿಷಯ ಮೊದಲು. ಗುಂಡು ಹಾರುವಾಗ ನಳಿಗೆ ನಡುಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಮೀಟಿದ ತಂತಿಯ ಹಾಗೇ ಅದು ಕಂಪಿಸುತ್ತದೆ. ತಂಬೂರಿಯ ತಂತಿಗೆ ಬೆರಳು ತಾಗಿಸಿದರೆ ನಾದ ಬದಲಾಗುತ್ತದಲ್ಲ, ನಳಿಗೆಗೆ ಸ್ಟಾಕ್ ತಾಗಿದರೂ ಹಾಗೇ. ಪ್ರತಿ ಸಲ ಒಂದೇ ಜಾಗದಲ್ಲಿ, ಒಂದೇ ಬಲದಲ್ಲಿ ತಾಗಿದರೆ ತೊಂದರೆ ಇಲ್ಲ, ಗುಂಡು ಒಂದೇ ಕಡೆ ಹೋಗುತ್ತದೆ. ಇವತ್ತು ತಾಗಿ ನಾಳೆ ಬಿಟ್ಟರೆ, ಬೆಳಿಗ್ಗೆ ಜಾಸ್ತಿ ಒತ್ತಿ ಮಧ್ಯಾಹ್ನ ಕಡಿಮೆ ಒತ್ತಿದರೆ, ಆಗ ಕಷ್ಟ. ಅದಕ್ಕೇ ಈಗಿನ ಬಹುಪಾಲು ರೈಫಲ್‌ಗಳಲ್ಲಿ ನಳಿಗೆ ಸ್ಟಾಕಿಗೆ ತಾಗದ ಹಾಗೆ ಸುತ್ತ ಸಂದು ಬಿಟ್ಟಿರುತ್ತಾರೆ. ಫ್ರೀ ಫ್ಲೋಟ್ ಅನ್ನುವುದು ಇದಕ್ಕೇ. ಕೆಲವು ತಯಾರಕರು ಬೇಕಂತಲೇ ಮುಂತುದಿಯಲ್ಲಿ ಒಂದು ಸಣ್ಣ ದಿಮ್ಮು ಇಟ್ಟು ನಳಿಗೆಯನ್ನು ಸ್ವಲ್ಪ ಮೇಲಕ್ಕೆ ಒತ್ತುತ್ತಿದ್ದರು. ತೆಳು ನಳಿಗೆಗಳಲ್ಲಿ ಅದೂ ಕೆಲಸ ಮಾಡುತ್ತದೆ, ಕೆಲವು ಸಲ ಫ್ರೀ ಫ್ಲೋಟ್‌ಗಿಂತ ಚೆನ್ನಾಗಿ. ಆದ್ದರಿಂದ ಆ ದಿಮ್ಮು ಕಂಡ ತಕ್ಷಣ ಉಪ್ಪುಕಾಗದ ಹಿಡಿದು ಉಜ್ಜಿ ತೆಗೆಯಬೇಡಿ. ಮೊದಲು ಹೊಡೆದು ನೋಡಿ.

ಪರೀಕ್ಷೆ ಸುಲಭ. ರೈಫಲ್ ಖಾಲಿ ಇದೆಯಾ ಅಂತ ಬೋಲ್ಟ್ ತೆಗೆದು ನೋಡಿ, ಆಮೇಲೆ ಒಂದು ಕಾಗದದ ಪಟ್ಟಿಯನ್ನು ನಳಿಗೆಗೂ ಸ್ಟಾಕಿಗೂ ಮಧ್ಯೆ ತೂರಿಸಿ ಹಿಂದಕ್ಕೆ ಎಳೆಯಿರಿ. ಆಕ್ಷನ್ (ಬೋಲ್ಟ್ ಇರುವ ಉಕ್ಕಿನ ಭಾಗ) ಹತ್ತಿರದವರೆಗೆ ಎಲ್ಲೂ ಸಿಕ್ಕಿಕೊಳ್ಳದೆ ಬಂದರೆ ಸರಿ. ಆದರೆ ಸುಮ್ನೆ ಇಟ್ಟಾಗ ಮಾತ್ರ ನೋಡಿದರೆ ಸಾಲದು. ನೀವು ಹೊಡೆಯುವಾಗ ಹೇಗೆ ಹಿಡಿಯುತ್ತೀರೋ ಹಾಗೆ ಮುಂಭಾಗವನ್ನು ಚೀಲದ ಮೇಲೆ ಒರಗಿಸಿ, ಭಾರ ಬಿಟ್ಟು, ಆಗಲೂ ಎಳೆದು ನೋಡಿ. ಅಗ್ಗದ ಪ್ಲಾಸ್ಟಿಕ್ ಸ್ಟಾಕ್‌ಗಳ ಗುಟ್ಟು ಹೊರಬರುವುದು ಇಲ್ಲೇ.

ಅಚ್ಚಿನಲ್ಲಿ ಎರಕ ಹೊಯ್ದು ಮಾಡಿದ ಸಿಂಥೆಟಿಕ್ ಸ್ಟಾಕ್ ತೇವ ಕುಡಿಯುವುದಿಲ್ಲ, ನಿಜ. ಮಳೆಯಲ್ಲಿ ನೆನೆದರೂ ಉಬ್ಬುವುದಿಲ್ಲ. ಆದರೆ ಅದರ ಮುಂಭಾಗ ಎಷ್ಟೋ ಸಲ ಬಳ್ಳಿಯ ಹಾಗೆ ಬಾಗುತ್ತದೆ. ಒಂದು ಕೈಯಲ್ಲಿ ನಳಿಗೆ ಮತ್ತು ಸ್ಟಾಕನ್ನು ಸೇರಿಸಿ ಹಿಚುಕಿದರೆ ಎರಡೂ ಮುಟ್ಟಿಕೊಳ್ಳುತ್ತವೆ. ನನ್ನ ಸ್ನೇಹಿತರೊಬ್ಬರು ಹೊಸ ರೈಫಲ್ ತಂದು ಮರಳು ಚೀಲದ ಮೇಲಿಟ್ಟು ಝೀರೋ ಮಾಡಿದರು, ಚೆನ್ನಾಗಿ ಬಂತು. ಆಮೇಲೆ ಅದಕ್ಕೆ ಬೈಪಾಡ್ ಅನ್ನುವ ಜೋಡಿಗಾಲು ಹಾಕಿ, ಅದರ ಮೇಲೆ ಭಾರ ಹಾಕಿ ಹೊಡೆದರೆ ಗುಂಡು ಮೇಲಕ್ಕೆ ಹೋಯಿತು. ಹೆಗಲ ಪಟ್ಟಿಯನ್ನು ತೋಳಿಗೆ ಸುತ್ತಿ ಬಿಗಿದು ಹೊಡೆದರೆ ಮತ್ತೊಂದು ಕಡೆ. ಅವರು ದುರ್ಬೀನನ್ನು ಬೈದರು, ತೋಟಾ ಬದಲಿಸಿದರು, ಎರಡು ತಿಂಗಳು ಒದ್ದಾಡಿದರು. ತಪ್ಪು ಇದ್ದದ್ದು ಬಾಗುವ ಆ ಮುಂಭಾಗದಲ್ಲಿ. ಅವರಿಗೆ ಅಂಗಡಿಯಲ್ಲಿ ಹೇಳಿದ್ದೂ ನಿಮ್ಮ ಪುರವಣಿಯಲ್ಲಿ ಬಂದ ಮಾತನ್ನೇ: ಸಿಂಥೆಟಿಕ್ ಅಂದರೆ ನಿಖರ.

ಎಲ್ಲ ಸಿಂಥೆಟಿಕ್ಕೂ ಹೀಗಲ್ಲ. ಫೈಬರ್‌ಗ್ಲಾಸ್ ಅಥವಾ ಕಾರ್ಬನ್ ಫೈಬರ್ ಬಟ್ಟೆಯನ್ನು ಪದರ ಪದರವಾಗಿ ರಾಳದಲ್ಲಿ ಅದ್ದಿ ಕೈಯಿಂದ ಕಟ್ಟಿದ ಸ್ಟಾಕ್‌ಗಳು ಬೇರೆಯೇ ದರ್ಜೆ. ಅವು ಹಗುರ, ಗಟ್ಟಿ, ಬಾಗುವುದಿಲ್ಲ. ಇದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. ಅಮೆರಿಕದ ಮರೀನ್ ಪಡೆ 1966ರಲ್ಲಿ ತನ್ನ ಸ್ನೈಪರ್‌ಗಳಿಗೆ ರೆಮಿಂಗ್ಟನ್ 700 ಆಧಾರದ ಎಂ40 ರೈಫಲ್ ಕೊಟ್ಟಿತು, ಅದಕ್ಕೆ ಮರದ ಸ್ಟಾಕ್ ಇತ್ತು. ವಿಯೆಟ್ನಾಮಿನ ತೇವದಲ್ಲಿ ಆ ಮರ ಉಬ್ಬಿ ತಿರುಚಿ ತೊಂದರೆ ಕೊಟ್ಟಿತು. 1970ರ ದಶಕದಲ್ಲಿ ಎಂ40ಎ1 ಬಂದಾಗ ಮ್ಯಾಕ್‌ಮಿಲನ್ ಕಂಪನಿಯ ಫೈಬರ್‌ಗ್ಲಾಸ್ ಸ್ಟಾಕ್ ಹಾಕಿದರು. ಮರದ ವಿರುದ್ಧ ಮಾತನಾಡುವವರು ಈ ಕಥೆಯನ್ನು ಹೇಳುತ್ತಾರೆ, ಹೇಳಲಿ, ಅದು ನಿಜ. ಆದರೆ ಅಲ್ಲಿ ಮರದ ಬದಲಿಗೆ ಬಂದದ್ದು ಬಾಗುವ ಪ್ಲಾಸ್ಟಿಕ್ ಅಲ್ಲ. ಎರಡಕ್ಕೂ ಸಿಂಥೆಟಿಕ್ ಅನ್ನುವ ಒಂದೇ ಹೆಸರು ಇರುವುದರಿಂದ ಕೊಳ್ಳುವವರು ಮೋಸ ಹೋಗುತ್ತಾರೆ. ಇನ್ನೊಂದು ಕಡೆ, 2003ರಲ್ಲಿ ಬಂದ ಫಿನ್ಲೆಂಡಿನ ಟಿಕ್ಕಾ ಟಿ3 ನೋಡಿ. ಅದರದ್ದು ಸಾಧಾರಣ ಅಚ್ಚಿನ ಸ್ಟಾಕೇ, ಆದರೂ ಅದು ಗುರಿಗೆ ಹೆಸರು ಮಾಡಿದ ರೈಫಲ್. ಒಳ್ಳೆಯ ನಳಿಗೆ ಇದ್ದು, ಅದು ಸ್ಟಾಕಿಗೆ ತಾಗದೆ, ಆಕ್ಷನ್ ಅಲುಗದೆ ಕೂತರೆ ಸಾಧಾರಣ ಸ್ಟಾಕೂ ಸಾಕು ಅನ್ನುವುದಕ್ಕೆ ಅದೇ ಸಾಕ್ಷಿ.

ಮರದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಜನ ಅದನ್ನು ಸುಮ್ನೆ ದೂರುತ್ತಾರೆ. ಮರ ತೇವಕ್ಕೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಆದರೆ ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಅಲ್ಲ. ಹಸಿ ಅಕ್ರೋಟ್ ಮರ ಪೂರ್ತಿ ಒಣಗಿದಾಗ ಎಳೆಗೆ ಅಡ್ಡಲಾಗಿ ನೂರಕ್ಕೆ ಐದರಿಂದ ಎಂಟು ಪಾಲು ಕುಗ್ಗುತ್ತದೆ, ಎಳೆಯ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಬರದಷ್ಟು. ಆದ್ದರಿಂದ ಎಳೆಗಳು ನೇರವಾಗಿ ಹಿಂದಿನಿಂದ ಮುಂದಕ್ಕೆ ಓಡಿರುವ ಹಲಗೆಯಿಂದ ಮಾಡಿದ ಸ್ಟಾಕ್ ಕಡಿಮೆ ತಿರುಚುತ್ತದೆ. ಮುಂಭಾಗದಲ್ಲಿ ಎಳೆ ಓರೆಯಾಗಿ ಹೊರಗೆ ಓಡಿದ್ದರೆ ಅದು ತೇವಕ್ಕೆ ಒಂದು ಕಡೆಗೆ ಎಳೆಯುತ್ತದೆ. ಚಿತ್ತಾರ ತುಂಬಿದ, ಸುಳಿ ಸುಳಿಯಾದ ಮರ ನೋಡಿದರೆ ಮನಸ್ಸು ಸೋಲುತ್ತದೆ, ಅದು ನನಗೂ ಗೊತ್ತು. ಸುಳಿ ಹಿಂಭಾಗದಲ್ಲಿ ಇರಲಿ. ಮುಂಭಾಗದಲ್ಲಿ ನೇರ ಎಳೆಯೇ ಇರಲಿ.

ಇನ್ನೊಂದು, ಹೊರಗೆ ಎಷ್ಟು ಹೊಳಪು ಹಾಕಿದ್ದರೂ ಒಳಗೆ ನಳಿಗೆಯ ಕಾಲುವೆಯಲ್ಲಿ, ಆಕ್ಷನ್ ಕೂರುವ ಗುಂಡಿಯಲ್ಲಿ, ಹಿಂದಿನ ರಬ್ಬರ್ ಪ್ಯಾಡಿನ ಅಡಿಯಲ್ಲಿ ಮರ ಬರಿಯದಾಗಿಯೇ ಉಳಿದಿರುವುದನ್ನು ನಾನು ಬಹಳ ಸಲ ನೋಡಿದ್ದೇನೆ. ತೇವ ನುಗ್ಗುವುದು ಅಲ್ಲಿಂದ. ನನ್ನ ರೈಫಲ್ಲಿನಲ್ಲೂ ಹಾಗೇ ಇತ್ತು. ಪ್ಯಾಡ್ ಬಿಚ್ಚಿ ನೋಡಿದರೆ ಎಳೆಗಳ ಕೊನೆ ಹಸಿ ಸೌದೆಯ ತುದಿಯ ಹಾಗೆ ಬಾಯಿ ತೆರೆದುಕೊಂಡಿತ್ತು. ಈ ಮೂರೂ ಕಡೆ ಎರಡು ಮೂರು ಸಲ ವಾರ್ನಿಷ್ ಹೊಡೆದು ಮುಚ್ಚಿದರೆ ಮರದ ಅರ್ಧ ಕಾಯಿಲೆ ವಾಸಿ. ಪೂರ್ತಿ ತಡೆಯುವುದಕ್ಕೆ ಆಗುವುದಿಲ್ಲ. ತೇವ ಹೋಗಿ ಬರುವ ವೇಗ ಕಡಿಮೆಯಾಗುತ್ತದೆ, ಬೇಟೆಯ ಕಾಲಕ್ಕೆ ಅಷ್ಟು ಸಾಕು.

ಮರವೇ ಬೇಕು, ಆದರೆ ತಿರುಚಬಾರದು ಅನ್ನುವವರಿಗೆ ಲ್ಯಾಮಿನೇಟ್ ಇದೆ. ತೆಳು ಹಾಳೆಗಳನ್ನು ಅಂಟಿನಿಂದ ಒತ್ತಿ ಮಾಡಿದ್ದು. ಒಂದು ಹಾಳೆ ಎಳೆದರೆ ಪಕ್ಕದ್ದು ತಡೆಯುತ್ತದೆ. ಎರಡನೇ ಮಹಾಯುದ್ಧದ ಕಾಲದ ಜರ್ಮನಿಯ ಕೆ98ಕೆ ರೈಫಲ್‌ಗಳಲ್ಲೇ ಇಂಥ ಸ್ಟಾಕ್ ಇತ್ತು, ಹೊಸದೇನೂ ಅಲ್ಲ. ತೂಕ ಜಾಸ್ತಿ. ಬೆಟ್ಟ ಹತ್ತುವವರಿಗೆ ಅದು ಹೊರೆ, ಒಂದೇ ಕಡೆ ಕೂತು ಕಾಯುವವರಿಗೆ ಏನೂ ಅಲ್ಲ.

ನಳಿಗೆಯ ತುದಿಯವರೆಗೂ ಮರ ಇರುವ ಪೂರ್ತಿ ಸ್ಟಾಕ್, 1903ರ ಮ್ಯಾನ್‌ಲಿಕರ್-ಶೋನಾವರ್ ರೈಫಲ್‌ಗಳಲ್ಲಿ ಇದ್ದಂಥದ್ದು, ನೋಡಲು ನನಗೆ ಎಲ್ಲಕ್ಕಿಂತ ಇಷ್ಟ. ಆದರೆ ಅಷ್ಟುದ್ದ ಮರ ನಳಿಗೆಯ ಪಕ್ಕದಲ್ಲೇ ಇದ್ದರೆ ಅದು ಎಲ್ಲಾದರೂ ಒಂದು ಕಡೆ ತಾಗುತ್ತದೆ. ಮೊದಲ ರೈಫಲ್ ಆಗಿ ಅದು ಬೇಡ. ಹಾಗೆಯೇ ವಿಂಚೆಸ್ಟರ್ 94 ಥರದ ಲಿವರ್ ರೈಫಲ್‌ಗಳಲ್ಲಿ ಸ್ಟಾಕ್ ಎರಡು ತುಂಡು, ಮುಂದಿನ ತುಂಡು ಪಟ್ಟಿಯಿಂದ ನಳಿಗೆಗೇ ಕಟ್ಟಿಕೊಂಡಿರುತ್ತದೆ. ದಟ್ಟ ಕಾಡಿನಲ್ಲಿ 80, 100 ಮೀಟರಿನೊಳಗೆ ಹೊಡೆಯುವುದಕ್ಕೆ ಅದು ಚೆನ್ನಾಗಿದೆ. ಅದರಿಂದ ದೂರದ ಈಡು ನಿರೀಕ್ಷೆ ಮಾಡುವುದು ಸರಿಯಲ್ಲ.

ಈಗ ಬೆಡ್ಡಿಂಗ್, ಅಂದರೆ ಆಕ್ಷನ್ ಸ್ಟಾಕಿನೊಳಗೆ ಕೂರುವ ರೀತಿ. ಇದನ್ನು ನಿಮ್ಮ ಬರಹ ಹೆಸರಿಸಲೂ ಇಲ್ಲ, ನನಗೆ ಬೇಜಾರಾದದ್ದು ಅದಕ್ಕೇ. ಆಕ್ಷನ್ ಅಂದರೆ ಬೋಲ್ಟ್ ಓಡಾಡುವ ಉಕ್ಕಿನ ಪೆಟ್ಟಿಗೆ. ಅದು ಸ್ಟಾಕಿನಲ್ಲಿ ಎರಡು ಸ್ಕ್ರೂಗಳ ಮೇಲೆ ಕೂತಿರುತ್ತದೆ. ಅದರ ಅಡಿಯಲ್ಲಿ ರೀಕಾಯಿಲ್ ಲಗ್ ಅಂತ ಒಂದು ದಪ್ಪ ಹಲ್ಲು ಇದೆ. ಒದೆತದ ಪೂರ್ತಿ ಬಲವನ್ನು ಸ್ಟಾಕಿಗೆ ದಾಟಿಸುವುದು ಆ ಹಲ್ಲು. ಅದರ ಹಿಂದೆ ಕೂದಲೆಳೆಯಷ್ಟು ಸಂದು ಇದ್ದರೂ ಪ್ರತಿ ಈಡಿಗೆ ಆಕ್ಷನ್ ಹಿಂದಕ್ಕೆ ಜಾರಿ, ಬೇರೆ ಬೇರೆ ಥರ ಕೂರುತ್ತದೆ. ಗುಂಡುಗಳು ಚದುರುತ್ತವೆ. ಸ್ಟಾಕಿನ ಒಳಗುಂಡಿ ಸಮವಾಗಿ ಇಲ್ಲದಿದ್ದರೆ ಸ್ಕ್ರೂ ಬಿಗಿದಾಗ ಆಕ್ಷನ್ ಬಿಲ್ಲಿನ ಹಾಗೆ ಸ್ವಲ್ಪ ಬಾಗುತ್ತದೆ, ಅದೂ ಗುರಿಗೆ ಕೇಡು.

ಇದಕ್ಕೆ ಮದ್ದು, ಗಟ್ಟಿ ಎಪಾಕ್ಸಿಯನ್ನು ಆ ಗುಂಡಿಯಲ್ಲಿ ಹಚ್ಚಿ, ಉಕ್ಕಿಗೆ ಅಂಟದ ಹಾಗೆ ಮೇಣ ಸವರಿ ಆಕ್ಷನ್ನನ್ನು ಅದರೊಳಗೆ ಕೂರಿಸಿ, ಗಟ್ಟಿಯಾಗಲು ಬಿಡುವುದು. ಎಪಾಕ್ಸಿ ಆ ಆಕ್ಷನ್ನಿನ ಅಚ್ಚೇ ಆಗಿಬಿಡುತ್ತದೆ. ಸ್ಕ್ರೂಗಳ ಸುತ್ತ ಅಲ್ಯೂಮಿನಿಯಂ ಕೊಳವೆ ಇಟ್ಟರೆ ಇನ್ನೂ ಒಳ್ಳೆಯದು, ಆಗ ಎಷ್ಟು ಬಿಗಿದರೂ ಮರ ಅಥವಾ ಪ್ಲಾಸ್ಟಿಕ್ ಅಪ್ಪಚ್ಚಿ ಆಗುವುದಿಲ್ಲ. ಅದಕ್ಕೆ ಪಿಲ್ಲರ್ ಬೆಡ್ಡಿಂಗ್ ಅನ್ನುತ್ತಾರೆ. ಅಲ್ಯೂಮಿನಿಯಂ ಚೌಕಟ್ಟಿನ ಚಾಸಿಗಳು, ಬ್ರಿಟನ್ನಿನ ಅಕ್ಯುರಸಿ ಇಂಟರ್‌ನ್ಯಾಷನಲ್ ಕಂಪನಿ 1980ರ ದಶಕದಲ್ಲಿ ಸ್ನೈಪರ್ ರೈಫಲ್ಲಿಗೆ ಮಾಡಿದಂಥವು, ಇದೇ ಕೆಲಸವನ್ನು ಲೋಹದಿಂದ ಮಾಡುತ್ತವೆ. ಬೇಟೆಗೆ ಅವು ಭಾರ, ಚಳಿಯಲ್ಲಿ ಕೆನ್ನೆಗೂ ಕೈಗೂ ತಣ್ಣಗೆ ಕೊರೆಯುತ್ತವೆ.

ಬೆಡ್ಡಿಂಗ್ ಸರಿಯಿದೆಯಾ ಅಂತ ಕೈಯಿಂದಲೇ ಗೊತ್ತು ಮಾಡಿಕೊಳ್ಳಬಹುದು. ಖಾಲಿ ರೈಫಲ್ಲನ್ನು ನೆಟ್ಟಗೆ ನಿಲ್ಲಿಸಿ, ಸ್ಟಾಕಿನ ಮುಂತುದಿ ಮತ್ತು ನಳಿಗೆ ಸೇರುವ ಕಡೆ ಬೆರಳ ತುದಿ ಇಡಿ. ಇನ್ನೊಂದು ಕೈಯಲ್ಲಿ ಮುಂದಿನ ಸ್ಕ್ರೂ ನಿಧಾನಕ್ಕೆ ಸಡಿಲಿಸಿ, ಮತ್ತೆ ಬಿಗಿಯಿರಿ. ನಳಿಗೆ ಸ್ಟಾಕಿನಿಂದ ದೂರ ಹೋಗಿ ಹತ್ತಿರ ಬರುವುದು ಬೆರಳಿಗೆ ತಿಳಿದರೆ ಆಕ್ಷನ್ ಬಾಗುತ್ತಿದೆ ಅಂತ ಅರ್ಥ. ಏನೂ ತಿಳಿಯದಿದ್ದರೆ ಚೆನ್ನಾಗಿ ಕೂತಿದೆ. ಸ್ಕ್ರೂ ಬಿಗಿಯುವುದಕ್ಕೂ ಲೆಕ್ಕ ಇದೆ. ಬರೀ ಮರಕ್ಕೆ ಸಾಮಾನ್ಯವಾಗಿ 35ರಿಂದ 45 ಇಂಚು-ಪೌಂಡ್, ಲೋಹದ ಪಿಲ್ಲರ್ ಇದ್ದರೆ 65ರ ಸುಮಾರು. ನಿಮ್ಮ ರೈಫಲ್ ಜೊತೆ ಬಂದ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಮುಖ್ಯ ಏನೆಂದರೆ ಪ್ರತಿ ಸಲ ಅಷ್ಟೇ ಬಿಗಿಯಬೇಕು. ಬಿಗಿತ ಅಳೆಯುವ ಟಾರ್ಕ್ ಸ್ಕ್ರೂಡ್ರೈವರ್ ಇಲ್ಲದೆ ಬರೀ ಕೈ ಅಂದಾಜಿನಲ್ಲಿ ಬಿಗಿದರೆ, ಬಿಚ್ಚಿ ಹಾಕಿದ ಪ್ರತಿ ಸಲವೂ ಝೀರೋ ಬದಲಾಗಬಹುದು.

ಇಷ್ಟೂ ಉಕ್ಕಿನ ಮಾತು. ನಿಮ್ಮ ಮೈಯ ಮಾತು ಇದಕ್ಕಿಂತ ದೊಡ್ಡದು, ನನ್ನ ಪ್ರಕಾರ. ರೈಫಲ್ ಎಷ್ಟೇ ಒಳ್ಳೆಯದಿದ್ದರೂ ಅದನ್ನು ಹಿಡಿಯುವವರಿಗೆ ಹೊಂದದಿದ್ದರೆ ಬೆಂಚಿನ ಮೇಲೆ ಚೆನ್ನಾಗಿ ಹೊಡೆದು ಕಾಡಿನಲ್ಲಿ ತಪ್ಪುತ್ತದೆ. ಸ್ಟಾಕಿನ ಹಿಂತುದಿಯಿಂದ ಟ್ರಿಗರ್‌ವರೆಗಿನ ಉದ್ದ ಸಾಮಾನ್ಯವಾಗಿ ಹದಿಮೂರೂವರೆ ಇಂಚಿನ ಸುಮಾರು ಇರುತ್ತದೆ, ಅಂದರೆ 34 ಸೆಂಟಿಮೀಟರ್. ಅದು ಮಧ್ಯಮ ಎತ್ತರದ ಗಂಡಸಿಗೆ ಅಂತ ಇಟ್ಟ ಅಳತೆ. ಗಿಡ್ಡ ತೋಳಿನವರು, ಬಹುಪಾಲು ಹೆಂಗಸರು, ಹುಡುಗರು ಅದನ್ನು ಎತ್ತಿದರೆ ತಲೆ ಹಿಂದೆ ಉಳಿಯುತ್ತದೆ, ಮುಂಗೈ ಚಾಚಿಕೊಳ್ಳುತ್ತದೆ, ದುರ್ಬೀನಿನಲ್ಲಿ ಸುತ್ತ ಕಪ್ಪು ಕಾಣುತ್ತದೆ. ದಪ್ಪ ಜಾಕೆಟ್ ಹಾಕಿದರೆ ಇನ್ನೂ ಕಷ್ಟ. ನಿಮ್ಮ ಊಟದ ಟೇಬಲ್ ಹತ್ತಿರ ಕೂತು ಎತ್ತಿ ನೋಡಿದರೆ ಸಾಲದು, ಬೇಟೆಗೆ ಹಾಕುವ ಬಟ್ಟೆಯನ್ನೇ ಹಾಕಿಕೊಂಡು ನೋಡಿ.

ಕಣ್ಣು ಮುಚ್ಚಿ ಖಾಲಿ ರೈಫಲ್ಲನ್ನು ಹೆಗಲಿಗೆ ತಂದು, ಕೆನ್ನೆ ಸ್ಟಾಕಿಗೆ ಒರಗಿಸಿ, ಆಮೇಲೆ ಕಣ್ಣು ತೆರೆಯಿರಿ. ದುರ್ಬೀನಿನ ಚಿತ್ರ ಪೂರ್ತಿ ದುಂಡಗೆ ಕಂಡರೆ ಆ ಸ್ಟಾಕ್ ನಿಮ್ಮದು. ಕೆನ್ನೆ ಎತ್ತಬೇಕಾದರೆ, ಕತ್ತು ಹುಡುಕಾಡಬೇಕಾದರೆ, ನಿಮ್ಮದಲ್ಲ. ಹಳೆಯ ಸ್ಟಾಕ್‌ಗಳ ತೊಂದರೆಯೇ ಇದು. ಅವನ್ನು ಮಾಡಿದ್ದು ನಳಿಗೆಯ ಮೇಲಿನ ಕಬ್ಬಿಣದ ಗುರಿಕಣ್ಣಿಗೆ, ಅದಕ್ಕೇ ಕೆನ್ನೆಯ ಜಾಗ ತಗ್ಗಿನಲ್ಲಿರುತ್ತದೆ. ದುರ್ಬೀನು ನಳಿಗೆಯಿಂದ ಸುಮಾರು ಒಂದೂವರೆ ಇಂಚು ಎತ್ತರದಲ್ಲಿ ಕೂರುತ್ತದೆ. ಆಗ ಕೆನ್ನೆ ಗಾಳಿಯಲ್ಲಿ ತೇಲುತ್ತದೆ, ಗದ್ದ ಮಾತ್ರ ಮರಕ್ಕೆ ತಾಗುತ್ತದೆ. ತಲೆ ಪ್ರತಿ ಸಲ ಒಂದೊಂದು ಕಡೆ ಇದ್ದರೆ ಗುರಿಯೂ ಒಂದೊಂದು ಕಡೆ. ಇದಕ್ಕೆ ಹೊಸ ರೈಫಲ್ ಬೇಕಿಲ್ಲ. ಒಂದು ಸಣ್ಣ ದಿಂಬಿನಂಥ ಪಟ್ಟಿ ಕಟ್ಟಿ ಕೆನ್ನೆಯ ಜಾಗವನ್ನು ಎತ್ತರಿಸಿದರೆ ಸಾಕು.

ಒದೆತವೂ ಸ್ಟಾಕಿನ ಆಕಾರಕ್ಕೆ ಸೇರಿದ್ದು. ಹಿಂತುದಿ ನಳಿಗೆಯ ಗೆರೆಗಿಂತ ತುಂಬ ಕೆಳಗಿದ್ದರೆ ರೈಫಲ್ ಹಿಂದಕ್ಕೆ ಬರುವುದರ ಜೊತೆ ಮೇಲಕ್ಕೂ ತಿರುಗಿ ಕೆನ್ನೆಗೆ ಬಡಿಯುತ್ತದೆ. ನೇರ ಸ್ಟಾಕ್ ಹೆಗಲಿಗೆ ನೇರ ತಳ್ಳುತ್ತದೆ. ಅಮೆರಿಕದ ರೈಫಲ್ ತಯಾರಕ ರಾಯ್ ವೆದರ್‌ಬಿ ತನ್ನ ಜೋರು ಒದೆಯುವ ರೈಫಲ್‌ಗಳಿಗೆ ಕೆನ್ನೆಯ ಏಣನ್ನು ಮುಂದಕ್ಕೆ ಇಳಿಜಾರಾಗಿ ಮಾಡಿದ, ರೈಫಲ್ ಹಿಂದಕ್ಕೆ ಬಂದಾಗ ಅದು ಕೆನ್ನೆಯಿಂದ ದೂರ ಸರಿಯಲಿ ಅಂತ. ನೋಡಿದವರು ಅಲಂಕಾರ ಅಂದುಕೊಳ್ಳುತ್ತಾರೆ, ಅದರಲ್ಲಿ ಲೆಕ್ಕ ಇದೆ. ಒದೆತಕ್ಕೆ ಹೆದರಿ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುವ ಅಭ್ಯಾಸ ಒಮ್ಮೆ ಬಂದರೆ ಬಿಡಿಸುವುದು ಬಹಳ ಕಷ್ಟ. ಆದ್ದರಿಂದ ಹೊಸಬರಿಗೆ ನಾನು ಹೇಳುವುದು .243 ವಿಂಚೆಸ್ಟರ್, 6.5 ಕ್ರೀಡ್‌ಮೂರ್, 7 ಎಂಎಂ-08, ಈ ತೋಟಾಗಳಲ್ಲಿ ಒಂದು. .243ರ ಒದೆತ .30-06ರ ಅರ್ಧದಷ್ಟೇ. .308, .270, .30-06 ಎಲ್ಲವೂ ಜಿಂಕೆಗೆ ಸಾಕಾಗಿ ಮಿಕ್ಕುತ್ತವೆ. ಈ ಆಯ್ಕೆಯ ಬಗ್ಗೆ ಜನ ಗಂಟೆಗಟ್ಟಲೆ ಜಗಳ ಆಡುತ್ತಾರೆ, ನನಗೆ ಅದರಲ್ಲಿ ಆಸಕ್ತಿ ಇಲ್ಲ.

ಎಷ್ಟು ನಿಖರ ಇದ್ದರೆ ಸಾಕು ಅನ್ನುವುದನ್ನೂ ಯಾರಾದರೂ ಹೇಳಬೇಕು. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು 20 ಸೆಂಟಿಮೀಟರ್ ಅಗಲದ ಒಂದು ವೃತ್ತ. ಗುಂಡುಗಳು ಎಷ್ಟು ಚದುರುತ್ತವೆ ಅನ್ನುವುದನ್ನು ಎಂಒಎ ಅನ್ನುವ ಕೋನದ ಅಳತೆಯಲ್ಲಿ ಹೇಳುತ್ತಾರೆ, ಒಂದು ಎಂಒಎ ಅಂದರೆ ನೂರು ಮೀಟರಿನಲ್ಲಿ 2.9 ಸೆಂಟಿಮೀಟರ್. ಎರಡು ಎಂಒಎ ಹೊಡೆಯುವ ಸಾಧಾರಣ ರೈಫಲ್ 200 ಮೀಟರಿನಲ್ಲಿ ಹನ್ನೆರಡು ಸೆಂಟಿಮೀಟರಿನೊಳಗೆ ಗುಂಡು ಹಾಕುತ್ತದೆ. ಅಷ್ಟು ಸಾಕು. ಅರ್ಧ ಎಂಒಎ ಬೇಕು ಅಂತ ಸ್ಟಾಕ್ ಮೇಲೆ ಸ್ಟಾಕ್ ಬದಲಿಸುವವರು ಇದ್ದಾರೆ. ಮೂರೇ ಗುಂಡು ಹೊಡೆದು ಸಣ್ಣ ಗ್ರೂಪ್ ಬಂತು, ಅಂದರೆ ಮೂರೂ ಒತ್ತೊತ್ತಾಗಿ ಬಿದ್ದವು ಅಂತ ಅದನ್ನೇ ನಂಬುತ್ತಾರೆ. ಮೂರು ಗುಂಡು ಅದೃಷ್ಟದಿಂದಲೂ ಹತ್ತಿರ ಬೀಳಬಹುದು, ಹತ್ತು ಹೊಡೆದರೆ ನಿಜ ಗೊತ್ತಾಗುತ್ತದೆ.

ಜಿಂಕೆಗೆ ಬೇಕಾದದ್ದು ಆ ಹತ್ತರಲ್ಲಿ ಮೊದಲನೆಯದು. ತಣ್ಣಗಿರುವ ನಳಿಗೆಯಿಂದ, ಬೆಳಗಿನ ಚಳಿಯಲ್ಲಿ, ನಿನ್ನೆ ಮೊನ್ನೆ ಮಳೆಯಲ್ಲಿ ನೆನೆದ ರೈಫಲ್ಲಿನಿಂದ ಹೊರಡುವ ಆ ಒಂದು ಗುಂಡು ಎಲ್ಲಿಗೆ ಹೋಗುತ್ತದೆ? ಸ್ಟಾಕ್ ಒಳ್ಳೆಯದಾ ಕೆಟ್ಟದ್ದಾ ಅಂತ ಅಳೆಯಬೇಕಾದದ್ದು ಅದರಿಂದ. ನನ್ನ ರೈಫಲ್ ಆ ವರ್ಷವೂ ಸಣ್ಣ ಗ್ರೂಪನ್ನೇ ಹೊಡೆಯುತ್ತಿತ್ತು ಅನ್ನುವುದನ್ನು ನೆನಪಿಡಿ. ಗ್ರೂಪ್ ಸಣ್ಣದಿತ್ತು, ಜಾಗ ತಪ್ಪಿತ್ತು.

ಇನ್ನು ಕೆಲವು ಸಣ್ಣ ಮಾತು. ಒರಗಿಸುವಾಗ ನಳಿಗೆಯನ್ನು ಯಾವುದರ ಮೇಲೂ ಇಡಬೇಡಿ, ಸ್ಟಾಕಿನ ಮುಂಭಾಗವನ್ನೇ ಇಡಿ. ಕಲ್ಲು, ಮರದ ಕೊಂಬೆಯಂಥ ಗಟ್ಟಿ ಜಾಗ ಆದರೆ ಮಧ್ಯೆ ನಿಮ್ಮ ಕೈಯನ್ನೋ ಟೋಪಿಯನ್ನೋ ಇಡಿ, ಇಲ್ಲದಿದ್ದರೆ ರೈಫಲ್ ಪುಟಿದು ಗುಂಡು ಮೇಲೆ ಹೋಗುತ್ತದೆ. ಟೊಳ್ಳು ಪ್ಲಾಸ್ಟಿಕ್ ಸ್ಟಾಕಿಗೆ ಒಂದು ಕಡ್ಡಿ ತಾಗಿದರೂ ಡೊಳ್ಳಿನ ಹಾಗೆ ಸದ್ದು ಬರುತ್ತದೆ. ಜಿಂಕೆಯ ಕಿವಿ ಎಂಥದ್ದು ಅಂತ ಹತ್ತಿರದಿಂದ ನೋಡಿದವರಿಗೆ ಗೊತ್ತು. ಒಳಗೆ ಸ್ಪಂಜು ತುಂಬಿದರೆ ಸದ್ದು ಕಡಿಮೆಯಾಗುತ್ತದೆ. ಎಡಗೈಯವರು ಬಲಗೈಯವರಿಗೆ ಮಾಡಿದ ಕೆನ್ನೆಯ ಉಬ್ಬು ಇರುವ ಸ್ಟಾಕ್ ಕೊಳ್ಳಬೇಡಿ, ಎಷ್ಟೇ ಕಡಿಮೆಗೆ ಸಿಕ್ಕಿದರೂ.

ನನ್ನ ಹಳೆಯ ಅಕ್ರೋಟ್ ಸ್ಟಾಕಿಗೆ ಪಿಲ್ಲರ್ ಹಾಕಿ, ಎಪಾಕ್ಸಿ ಬೆಡ್ಡಿಂಗ್ ಮಾಡಿ, ಕಾಲುವೆಯನ್ನು ಎರಡು ಕಾಗದದಷ್ಟು ಅಗಲ ಮಾಡಿ, ಒಳಗೆಲ್ಲ ವಾರ್ನಿಷ್ ಹೊಡೆದಿದ್ದೇನೆ. ಎಲ್ಲ ಸೇರಿ ಎರಡು ವಾರಾಂತ್ಯದ ಕೆಲಸ. ಈಗ ಪ್ರತಿ ವರ್ಷ ಬೇಟೆಯ ಕಾಲಕ್ಕೆ ಮೊದಲು ಬೇರೆ ಬೇರೆ ಮೂರು ದಿನ ಹೋಗಿ, ದಿನಕ್ಕೆ ಒಂದೇ ಒಂದು ಗುಂಡನ್ನು ತಣ್ಣಗಿನ ನಳಿಗೆಯಿಂದ ಹೊಡೆದು, ಮೂರನ್ನೂ ಒಂದೇ ಕಾಗದದ ಮೇಲೆ ಗುರುತು ಮಾಡುತ್ತೇನೆ. ಆ ಕಾಗದಗಳನ್ನು ಜೋಪಾನವಾಗಿ ಇಟ್ಟಿದ್ದೇನೆ. ಹೋದ ವರ್ಷ ಮಳೆ ಮುಗಿದ ಮೇಲಿನ ಮೂರು ಗುಂಡು ಅದರ ಹಿಂದಿನ ಬೇಸಿಗೆಯ ಜಾಗದಿಂದ ಒಂದು ಸೆಂಟಿಮೀಟರೂ ಸರಿದಿರಲಿಲ್ಲ.

ಸಂಪಾದಕರಲ್ಲಿ ಒಂದು ಕೋರಿಕೆ. ಆ ಬರಹದ ಜೊತೆ ಕೊಳ್ಳುವ ಮೊದಲು ನೋಡಬೇಕಾದದ್ದು ಅಂತ ಒಂದು ಚೌಕ ಹಾಕಿದ್ದಿರಿ. ಅದರಲ್ಲಿ ತೂಕ, ಬಣ್ಣ, ಬೆಲೆ, ತೋಟಾ ಇದ್ದವು. ಮುಂದಿನ ವಾರ ಅದನ್ನು ಮತ್ತೆ ಹಾಕಿ, ಬಣ್ಣವನ್ನು ತೆಗೆದು ಆ ಜಾಗದಲ್ಲಿ ಕಾಗದದ ಪಟ್ಟಿಯ ಪರೀಕ್ಷೆಯನ್ನೂ ಕಣ್ಣು ಮುಚ್ಚಿ ಹೆಗಲಿಗೆ ತರುವ ಪರೀಕ್ಷೆಯನ್ನೂ ಸೇರಿಸಿ. ಎರಡಕ್ಕೂ ಸೇರಿ ಐದು ನಿಮಿಷ ಸಾಕು, ಅಂಗಡಿಯಲ್ಲೇ ನಿಂತು ಮಾಡಬಹುದು.

ಇಂತಿ,
ನಿಮ್ಮ ಓದುಗ